ಒಂಬತ್ತು ದಿನ ನಿಲ್ಲದ ಫಿಟ್ಸ್: ದಾರಿ ತಪ್ಪಿಸಿದ ಒಂದು ಕಿಣ್ವದ ಪ್ರಕರಣ

ಮಗು ಹುಟ್ಟಿ ಹದಿನಾಲ್ಕು ಗಂಟೆ ಆಗಿತ್ತು. ಮೊದಲು ಗಮನಿಸಿದ್ದು ರಾತ್ರಿ ಪಾಳಿಯ ನರ್ಸ್. ಮಗುವಿನ ಎಡಗಾಲು ಸೈಕಲ್ ತುಳಿದ ಹಾಗೆ ಆಡುತ್ತಿತ್ತು. ಬಾಯಲ್ಲಿ ಹಾಲಿಲ್ಲದಿದ್ದರೂ ತುಟಿ ಚಪ್ಪರಿಸುತ್ತಿತ್ತು. ಎರಡೂ ಕಣ್ಣು ಬಲಕ್ಕೆ ತಿರುಗಿ ನಿಂತುಬಿಟ್ಟಿದ್ದವು. ನರ್ಸ್ ಆ ಕಾಲನ್ನು ಮೆಲ್ಲಗೆ ಹಿಡಿದು ನೋಡಿದರು. ಹಸುಗೂಸುಗಳು ಸುಮ್ನೆ ನಡುಗುವುದುಂಟು, ಅಂಥ ನಡುಕ ಕೈಯಿಟ್ಟರೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಅಂಗೈಯೊಳಗೇ ಕಾಲು ಅದೇ ತಾಳದಲ್ಲಿ ಜಗ್ಗುತ್ತಿತ್ತು.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಮಗು ಯಾವುದೋ ಒಂದೇ ಮಗುವಲ್ಲ. ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಒಂದು ಹೆಣ್ಣುಮಗುವಿನ ಕತೆಯಾಗಿ ಹೊಂದಿಸಿದ್ದೇನೆ. ಕಾಯಿಲೆ, ಔಷಧ, ಪರೀಕ್ಷೆ ಮಾತ್ರ ಇರುವ ಹಾಗೆಯೇ ಇವೆ.

ಮೊದಲ ಒಂಬತ್ತು ದಿನ

ತಿಂಗಳು ತುಂಬಿ ಹುಟ್ಟಿದ ಮಗು. ತೂಕ 3 ಕಿಲೋ. ಹುಟ್ಟಿದ ತಕ್ಷಣ ಅಳಲಿಲ್ಲ, ಒಂದು ನಿಮಿಷ ಉಸಿರು ಕೊಡಬೇಕಾಯಿತು. ಇಷ್ಟು ಸಾಕಾಯಿತು, ಫೈಲಿನ ಮೇಲೆ 'ಹುಟ್ಟುವಾಗ ಆಮ್ಲಜನಕದ ಕೊರತೆ' ಎಂದು ಬರೆದುಬಿಟ್ಟರು. ಹೊಕ್ಕುಳಬಳ್ಳಿಯ ರಕ್ತದ ಪಿಎಚ್ 7.28 ಇತ್ತು. ಅದು ಒಳ್ಳೆಯ ಅಂಕಿ. ಉಸಿರು ಕಟ್ಟಿ ಮಿದುಳಿಗೆ ಪೆಟ್ಟು ಬಿದ್ದ ಮಗುವಿನ ರಕ್ತ ಇದಕ್ಕಿಂತ ಎಷ್ಟೋ ಜಾಸ್ತಿ ಹುಳಿಯಾಗಿರುತ್ತದೆ. ಆ ಅಂಕಿಯೂ ಅದೇ ಫೈಲಿನಲ್ಲಿ, ಅದೇ ಪುಟದಲ್ಲಿ ಇತ್ತು. ಒಮ್ಮೆ ಹೆಸರಿಟ್ಟ ಮೇಲೆ ಅದನ್ನು ಯಾರು ತಿರುಗಿ ನೋಡುತ್ತಾರೆ ಹೇಳಿ.

ಮೊದಲು ಮಾಡಬೇಕಾದ ಪರೀಕ್ಷೆಗಳನ್ನೆಲ್ಲ ಮಾಡಿದರು. ರಕ್ತದ ಸಕ್ಕರೆ 74. ಕ್ಯಾಲ್ಸಿಯಂ, ಸೋಡಿಯಂ, ಮೆಗ್ನೀಸಿಯಂ ಸರಿಯಾಗಿದ್ದವು. ಬೆನ್ನುಹುರಿಯ ನೀರಿನಲ್ಲಿ ಸೋಂಕು ಇರಲಿಲ್ಲ, ಸಕ್ಕರೆ 48 ಇತ್ತು. ಈ 48 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ರಕ್ತದಲ್ಲಿ ಲ್ಯಾಕ್ಟೇಟ್ ಸ್ವಲ್ಪ ಏರಿತ್ತು. ಫಿಟ್ಸ್‌ನಿಂದಲೇ ಏರಿರಬಹುದು ಎಂದುಕೊಂಡರು. ಅದು ತಪ್ಪೇನಲ್ಲ.

ಫಿನೋಬಾರ್ಬಿಟೋನ್ ಕೊಟ್ಟರು. ಕಾಲು ನಿಂತಿತು, ಆರು ಗಂಟೆ ಕಳೆದ ಮೇಲೆ ಕೈ ಶುರುವಾಯಿತು. ಇನ್ನೊಂದು ಡೋಸ್ ಕೊಟ್ಟರು. ಆಮೇಲೆ ಲೆವೆಟಿರಾಸಿಟಮ್. ಮೂರನೇ ದಿನ ಮಿಡಜೋಲಾಮ್ ಡ್ರಿಪ್. ಪ್ರತಿ ಸಲವೂ ಅರ್ಧ ದಿನದ ನೆಮ್ಮದಿ, ಮತ್ತೆ ಅದೇ ಪಾಡು. ಫಿಟ್ಸ್‌ನ ರೂಪವೂ ಒಂದೇ ಆಗಿರಲಿಲ್ಲ. ಒಮ್ಮೆ ಜಗ್ಗು, ಒಮ್ಮೆ ಬಿಗಿತ, ಒಮ್ಮೆ ಬೆಚ್ಚಿಬಿದ್ದ ಹಾಗೆ ಮೈಯೆಲ್ಲ ಎಗರುವುದು. ನಡುವೆ ಮಗು ಮಲಗುತ್ತಲೂ ಇರಲಿಲ್ಲ. ಎತ್ತಿಕೊಂಡರೂ ಸಮಾಧಾನವಾಗದ ಚೀರಾಟ. ವಾಂತಿ. ಹೊಟ್ಟೆ ಉಬ್ಬರ. ಹೊಟ್ಟೆ ಉಬ್ಬಿದ್ದು ನೋಡಿ ಕರುಳಿನ ಸೋಂಕಿರಬಹುದೆಂದು ಆ್ಯಂಟಿಬಯಾಟಿಕ್ ಸೇರಿಸಿದರು.

ಐದನೇ ದಿನ ಎಂಆರ್‌ಐ ಆಯಿತು. ಉಸಿರು ಕಟ್ಟಿದ ಮಗುವಿನ ಮಿದುಳಿನಲ್ಲಿ ಸಾಮಾನ್ಯವಾಗಿ ಕಾಣುವ ಗಾಯ ಅದರಲ್ಲಿ ಇರಲಿಲ್ಲ. ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ಸೇತುವೆ ಹಿಂದುಗಡೆ ಸ್ವಲ್ಪ ತೆಳ್ಳಗಿತ್ತು, ಅಷ್ಟೇ. ವರದಿಯಲ್ಲಿ ಅದು ಕೊನೆಯ ಸಾಲಾಗಿ ಬಂತು.

ನನ್ನ ಪ್ರಕಾರ ಇಡೀ ಪ್ರಕರಣದ ಅತಿ ಮುಖ್ಯವಾದ ಪರೀಕ್ಷೆ ನಡೆದದ್ದು ಒಂಬತ್ತನೇ ದಿನ. ಅದಕ್ಕೆ ಯಂತ್ರ ಬೇಕಾಗಿರಲಿಲ್ಲ. ಹೊಸದಾಗಿ ಬಂದ ವೈದ್ಯೆಯೊಬ್ಬರು ತಾಯಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, 'ಹೊಟ್ಟೆಯಲ್ಲಿದ್ದಾಗ ಮಗು ಹೇಗೆ ಆಡುತ್ತಿತ್ತು' ಎಂದು ಕೇಳಿದರು. ತಾಯಿ ತಮ್ಮ ಮೊಣಕಾಲಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು. ಟಕ್, ಟಕ್, ಟಕ್, ಟಕ್, ಒಂದೇ ಸಮ. ಏಳನೇ ತಿಂಗಳಿಂದ ದಿನಾ ಹೀಗೇ, ಹತ್ತಿಪ್ಪತ್ತು ನಿಮಿಷ. ಬಿಕ್ಕಳಿಕೆ ಇರಬೇಕು ಎಂದುಕೊಂಡಿದ್ದರಂತೆ. ಮೊದಲ ಮಗು ಹನ್ನೆರಡು ದಿನ ಬದುಕಿ ಫಿಟ್ಸ್‌ನಲ್ಲೇ ತೀರಿಕೊಂಡಿತ್ತು. ಆ ಫೈಲಿನ ಮೇಲೂ ಆಮ್ಲಜನಕದ ಕೊರತೆ ಎಂದೇ ಬರೆದಿತ್ತು.

ಒಂದೇ ಮನೆಯಲ್ಲಿ ಎರಡು ಸಲ ಉಸಿರು ಕಟ್ಟುವುದು, ಅದೂ ಒಂದು ಮಗು ಹೊಟ್ಟೆಯಲ್ಲಿದ್ದಾಗಲೇ ಜಗ್ಗಿರುವಾಗ? ವೈದ್ಯೆಗೆ ಅದು ಒಪ್ಪಿಗೆಯಾಗಲಿಲ್ಲ.

ಇಂಜೆಕ್ಷನ್

ಮೊದಲು ರಕ್ತ ಮತ್ತು ಮೂತ್ರದ ಸ್ಯಾಂಪಲ್ ತೆಗೆದು ಕೂಡಲೇ ಫ್ರೀಜರ್‌ಗೆ ಹಾಕಿಸಿದರು. ಹುಡುಕುತ್ತಿದ್ದ ವಸ್ತು ಕೋಣೆಯ ಬಿಸಿಗೆ ಹಾಳಾಗುವಂಥದ್ದು. ಆಮೇಲೆ ಮಿದುಳಿನ ವಿದ್ಯುತ್ ಅಲೆಗಳನ್ನು ತೋರಿಸುವ ಇಇಜಿ ತಂತಿಗಳನ್ನು ತಲೆಗೆ ಅಂಟಿಸಿ, ಉಸಿರು ಕೊಡುವ ಬ್ಯಾಗು ಮತ್ತು ಮಾಸ್ಕನ್ನು ಮಗುವಿನ ತಲೆಯ ಪಕ್ಕದಲ್ಲೇ ಇಟ್ಟುಕೊಂಡು, 100 ಮಿಲಿಗ್ರಾಂ ಪಿರಿಡಾಕ್ಸಿನ್ ಅನ್ನು ರಕ್ತನಾಳಕ್ಕೆ ಕೊಟ್ಟರು. ಪಿರಿಡಾಕ್ಸಿನ್ ಅಂದರೆ ವಿಟಮಿನ್ ಬಿ6.

ವಿಟಮಿನ್ ಕೊಡೋಕೆ ಉಸಿರಿನ ಬ್ಯಾಗು ಯಾಕೆ ಅನ್ನಿಸುತ್ತದೆ ಅಲ್ವಾ? ವೈದ್ಯೆಗೆ ಅನುಮಾನ ಇದ್ದದ್ದು ಪಿರಿಡಾಕ್ಸಿನ್ ಅವಲಂಬಿತ ಮೂರ್ಛೆರೋಗದ ಮೇಲೆ, ಅಂದರೆ ಬಿ6 ಕೊಟ್ಟರೆ ಮಾತ್ರ ಹತೋಟಿಗೆ ಬರುವ ಫಿಟ್ಸ್. ಈ ಕಾಯಿಲೆಯ ಮಕ್ಕಳಲ್ಲಿ ಮೊದಲ ಡೋಸ್ ಮಿದುಳನ್ನು ಒಮ್ಮೆಲೇ ಮಲಗಿಸಿಬಿಡಬಹುದು. ಇಲ್ಲೂ ಹಾಗೇ ಆಯಿತು. ಆರನೇ ನಿಮಿಷಕ್ಕೆ ಪರದೆಯ ಮೇಲಿನ ಚೂಪು ಚೂಪಾದ ಗೆರೆಗಳು ಕುಗ್ಗತೊಡಗಿದವು. ಎಂಟನೇ ನಿಮಿಷಕ್ಕೆ ಗೆರೆ ಹೆಚ್ಚೂಕಡಿಮೆ ಸಪಾಟಾಯಿತು. ಮಗುವಿನ ಕೈಕಾಲು ಬಟ್ಟೆಯ ಹಾಗೆ ಜೋಲುಬಿದ್ದವು. ಉಸಿರು ನಿಂತಿತು. ನಾಲ್ಕು ನಿಮಿಷ ಬ್ಯಾಗು ಒತ್ತಿದರು. ಆಮೇಲೆ ಉಸಿರು ತಾನಾಗಿ ಬಂತು. ಮಗು ಹತ್ತು ಗಂಟೆ ನಿದ್ದೆ ಮಾಡಿತು. ಎದ್ದಾಗ ಚೀರಲಿಲ್ಲ, ಹಸಿವಿಗೆ ಅತ್ತಿತು. ಆ ಅಳು ಬೇರೆ ಥರ ಇತ್ತು, ನರ್ಸ್‌ಗಳಿಗೆ ಅದು ದೂರದಿಂದಲೇ ಗೊತ್ತಾಯಿತು.

ಎಲ್ಲ ಮಕ್ಕಳಲ್ಲೂ ಹೀಗೆ ನಾಟಕೀಯವಾಗಿ ಆಗುವುದಿಲ್ಲ. ಕೆಲವರಲ್ಲಿ ಪರಿಣಾಮ ಕಾಣಲು ಎರಡು ಮೂರು ದಿನ ಹಿಡಿಯುತ್ತದೆ. ಹಾಗಾಗಿ ಒಂದು ಇಂಜೆಕ್ಷನ್ ಕೊಟ್ಟು 'ಏನೂ ಆಗಲಿಲ್ಲ' ಎಂದು ಕೈಬಿಡಬಾರದು. ಕೆಲವು ದಿನ ಬಾಯಿಯ ಮೂಲಕ ಕೊಡುತ್ತಾ ನೋಡಬೇಕು. ಇದಕ್ಕೆ ಉಲ್ಟಾ ಕೂಡ ನಿಜ. ಬೇರೆ ಕಾರಣದ ಫಿಟ್ಸ್ ಕೂಡ ಕೆಲವೊಮ್ಮೆ ಈ ವಿಟಮಿನ್ ಕೊಟ್ಟ ಹೊತ್ತಿಗೇ ನಿಲ್ಲಬಹುದು. ಆದ್ದರಿಂದ ಫಿಟ್ಸ್ ನಿಂತಿತು ಅನ್ನುವುದೊಂದೇ ಪುರಾವೆ ಆಗಲಾರದು. ಖಚಿತ ಉತ್ತರ ಫ್ರೀಜರ್‌ನಲ್ಲಿದ್ದ ಸ್ಯಾಂಪಲ್‌ನಿಂದ ಬರಬೇಕಿತ್ತು.

ಒಳಗೆ ಏನಾಗುತ್ತಿತ್ತು

ಮಿದುಳಿನಲ್ಲಿ ನರಕೋಶಗಳನ್ನು ಕೆರಳಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ತಣಿಸುವ ಮುಖ್ಯ ರಾಸಾಯನಿಕ ಗಾಬಾ. ತಮಾಷೆ ಏನೆಂದರೆ ಗಾಬಾ ತಯಾರಾಗುವುದೇ ಗ್ಲುಟಮೇಟ್‌ನಿಂದ. ಗ್ಲುಟಮೇಟ್‌ನ ಒಂದು ತುದಿಯನ್ನು ಕತ್ತರಿಸಿ, ಆ ಚೂರನ್ನು ಇಂಗಾಲದ ಡೈಆಕ್ಸೈಡ್ ಆಗಿ ಬಿಟ್ಟುಬಿಟ್ಟರೆ ಉಳಿಯುವುದು ಗಾಬಾ. ಬ್ರೇಕಿಗೂ ಆ್ಯಕ್ಸಿಲರೇಟರಿಗೂ ಇರುವ ವ್ಯತ್ಯಾಸ ಒಂದು ಚೂರು. ಕತ್ತರಿಸುವ ಕೆಲಸ ಗ್ಲುಟಮೇಟ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ್ದು. ಇದನ್ನು ಗ್ಯಾಡ್ ಎಂದು ಕರೆಯುತ್ತಾರೆ.

ಗ್ಯಾಡ್ ಬರಿಗೈಯಲ್ಲಿ ಕತ್ತರಿಸಲಾರದು. ಅದಕ್ಕೆ ಉಳಿ ಬೇಕು. ಆ ಉಳಿಯೇ ಪಿಎಲ್‌ಪಿ, ಅಂದರೆ ವಿಟಮಿನ್ ಬಿ6ರ ಕೆಲಸಕ್ಕೆ ಬರುವ ರೂಪ. ಉಳಿ ಇಲ್ಲದಿದ್ದರೆ ಗ್ಯಾಡ್ ಇದ್ದೂ ಇಲ್ಲದ ಹಾಗೆ.

ಹಾಗಾದರೆ ಈ ಮಗುವಿನ ಗ್ಯಾಡ್ ಕೆಟ್ಟಿತ್ತೇ? ಇಲ್ಲ, ಚೆನ್ನಾಗೇ ಇತ್ತು. ಬಿ6 ಕೊರತೆಯೇ? ಅದೂ ಅಲ್ಲ. ತಾಯಿಯಿಂದ ಬರಬೇಕಾದಷ್ಟು ಬರುತ್ತಿತ್ತು. ಕೆಟ್ಟಿದ್ದ ಕಿಣ್ವಕ್ಕೂ ಗಾಬಾಗೂ ನೇರ ಸಂಬಂಧವೇ ಇಲ್ಲ. ಅದು ಲೈಸಿನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ದಾರಿಯಲ್ಲಿರುವ ಕಿಣ್ವ. ಹೆಸರು ಆಂಟಿಕ್ವಿಟಿನ್. ಇದು ಎಷ್ಟು ಹಳೆಯ ಕಿಣ್ವವೆಂದರೆ ಬಟಾಣಿ ಗಿಡದಲ್ಲೂ ಇದರ ಹತ್ತಿರದ ನೆಂಟ ಇದೆ. ಹೆಸರು ಬಂದದ್ದೂ ಆ ಪುರಾತನತನದಿಂದಲೇ.

ಲೈಸಿನ್ ಪ್ರೋಟೀನಿನಲ್ಲಿ ಇರುತ್ತದೆ. ಜಾಸ್ತಿಯಾದದ್ದನ್ನು ದೇಹ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಸುಡುತ್ತದೆ. ಆಂಟಿಕ್ವಿಟಿನ್ ಇರುವ ಮೆಟ್ಟಿಲು ಮುರಿದರೆ ಅದರ ಹಿಂದಿನ ಸರಕು ಗುಡ್ಡೆ ಬೀಳುತ್ತದೆ. ಆ ಸರಕಿನ ಉದ್ದ ಹೆಸರನ್ನು ಬಿಟ್ಟು ಎಲ್ಲರೂ ಎಎಎಸ್‌ಎ ಅನ್ನುತ್ತಾರೆ. ಇದು ಸುಮ್ನೆ ಬಿದ್ದಿದ್ದರೆ ಇಷ್ಟು ತೊಂದರೆ ಇರಲಿಲ್ಲ. ಇದು ತನ್ನಷ್ಟಕ್ಕೆ ಉಂಗುರದ ಹಾಗೆ ಸುತ್ತಿಕೊಂಡು ಪಿ6ಸಿ ಎಂಬ ಇನ್ನೊಂದು ರೂಪ ತಾಳುತ್ತದೆ. ಪಿ6ಸಿಗೆ ಪಿಎಲ್‌ಪಿ ಸಿಕ್ಕರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಆ ಪಿಎಲ್‌ಪಿ ಯಾವ ಕೆಲಸಕ್ಕೂ ಬಾರದು. ಹೀಗೆ ಲೈಸಿನ್‌ನ ಕೆಲಸದಲ್ಲಿ ಆದ ಎಡವಟ್ಟಿಗೆ ಗಾಬಾ ಮಾಡುವವನ ಉಳಿ ಕಳೆದುಹೋಗುತ್ತದೆ.

ಕೊಟ್ಟ ಡೋಸ್‌ನ ಲೆಕ್ಕವೂ ಇದರಿಂದಲೇ ಅರ್ಥವಾಗುತ್ತದೆ. ಹಸುಗೂಸಿಗೆ ದಿನಕ್ಕೆ ಸಾಕಾಗುವ ಬಿ6 ಸುಮಾರು 0.1 ಮಿಲಿಗ್ರಾಂ. ಈ ಮಗುವಿಗೆ ಕೊಟ್ಟದ್ದು 100, ಅಂದರೆ ಸಾವಿರ ಪಟ್ಟು. ಕೊರತೆ ತುಂಬಲು ಇಷ್ಟು ಬೇಕಿಲ್ಲ. ಪಿ6ಸಿ ನುಂಗುವಷ್ಟು ನುಂಗಿದ ಮೇಲೂ ಗ್ಯಾಡ್‌ಗೆ ಒಂದಿಷ್ಟು ಉಳಿಯಲಿ ಎಂದು ಸುರಿಯುವುದು.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಗಾಬಾವನ್ನು ಒಡೆಯುವ ಕಿಣ್ವಕ್ಕೂ, ಅಂದರೆ ಗಾಬಾ ಟ್ರಾನ್ಸಮಿನೇಸ್‌ಗೂ ಇದೇ ಪಿಎಲ್‌ಪಿ ಬೇಕು. ಉಳಿ ಕಳೆದರೆ ಮಾಡುವವನೂ ಕೂರಬೇಕು, ಒಡೆಯುವವನೂ ಕೂರಬೇಕು. ಲೆಕ್ಕ ಸರಿಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಗ್ಯಾಡ್ ತನ್ನ ಉಳಿಯನ್ನು ಸಡಿಲವಾಗಿ ಹಿಡಿಯುತ್ತದೆ. ಮಿದುಳಿನಲ್ಲಿರುವ ಗ್ಯಾಡ್65 ಎಂಬ ಬಗೆಯಲ್ಲಿ ದೊಡ್ಡ ಪಾಲು ಮಾಮೂಲಿ ದಿನಗಳಲ್ಲೂ ಉಳಿ ಇಲ್ಲದೆ ಕಾಯುತ್ತಾ ಕೂತಿರುತ್ತದೆ, ಬೇಕೆಂದಾಗ ಎತ್ತಿಕೊಳ್ಳಲಿ ಎಂದು. ಒಡೆಯುವ ಕಿಣ್ವದ ಹಿಡಿತ ಇದಕ್ಕಿಂತ ಬಿಗಿ. ಅಭಾವ ಬಂದಾಗ ಮೊದಲು ಕೈ ಖಾಲಿಯಾಗುವುದು ಮಾಡುವವನದ್ದು.

ಎಲ್ಲವನ್ನೂ ಗಾಬಾ ತಲೆಗೆ ಕಟ್ಟುವುದು ಸರಿಯಲ್ಲ. ಹಸುಗೂಸಿನ ಮಿದುಳಿನಲ್ಲಿ ಗಾಬಾ ಇನ್ನೂ ಪೂರ್ತಿ ಬ್ರೇಕ್ ಆಗಿ ಬೆಳೆದಿರುವುದಿಲ್ಲ, ಕೆಲವು ಕೋಶಗಳನ್ನು ಅದೇ ಕೆರಳಿಸುತ್ತದೆ. ಪಿಎಲ್‌ಪಿ ಬೇಕಾದ ಕಿಣ್ವ ಕೆಲಸಗಳು 140ಕ್ಕೂ ಜಾಸ್ತಿ. ಡೋಪಮೀನ್, ಸಿರೊಟೋನಿನ್ ತಯಾರಿಗೂ ಅದು ಬೇಕು, ಗ್ಲೈಸಿನ್ ಒಡೆಯಲೂ ಬೇಕು. ಮಗುವಿನ ಚೀರಾಟ, ಬೆಚ್ಚುವಿಕೆಯೆಲ್ಲ ಬರೀ ಗಾಬಾ ಕಡಿಮೆಯಾಗಿ ಬಂದದ್ದೆಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ, ಪೂರ್ತಿ ನಿಜವಾಗಿರುವುದಿಲ್ಲ.

ಕೊಟ್ಟ ಔಷಧಗಳು ಯಾಕೆ ಸೋತವು

ಮಿಡಜೋಲಾಮ್ ಗಾಬಾ ತಯಾರಿಸುವುದಿಲ್ಲ. ಗಾಬಾ ಬಂದು ಕೂರುವ ಬೀಗ ಇರುತ್ತದಲ್ಲ, ಆ ಬೀಗಕ್ಕೆ ಎಣ್ಣೆ ಹಾಕುತ್ತದೆ. ಕೀಲಿ ಬಂದಾಗ ಸಲೀಸಾಗಿ ತಿರುಗಲಿ ಎಂದು. ಕೀಲಿಯೇ ಕಡಿಮೆ ಇದ್ದರೆ ಎಷ್ಟು ಎಣ್ಣೆ ಹಾಕಿ ಏನು? ಫಿನೋಬಾರ್ಬಿಟೋನ್ ಜಾಸ್ತಿ ಡೋಸ್‌ನಲ್ಲಿ ಬೀಗವನ್ನು ತಾನೇ ತೆರೆಯಬಲ್ಲದು, ಅದಕ್ಕೇ ಅರ್ಧ ದಿನದ ನೆಮ್ಮದಿ ಸಿಕ್ಕಿದ್ದು. ಆ ಅರೆಬರೆ ಫಲವೇ ದಾರಿ ತಪ್ಪಿಸಿತು ಎಂಬುದು ನನ್ನ ಅನಿಸಿಕೆ. ಏನೂ ಕೆಲಸ ಮಾಡದೇ ಇದ್ದಿದ್ದರೆ ಎರಡನೇ ದಿನವೇ ಯಾರಾದರೂ ಬೇರೆ ಯೋಚನೆ ಮಾಡುತ್ತಿದ್ದರು.

ಮೂರ್ಛೆರೋಗದ ಔಷಧಗಳಲ್ಲಿ ವಿಗಾಬಟ್ರಿನ್ ಎಂಬುದೊಂದಿದೆ. ಗಾಬಾ ಒಡೆಯುವ ಕಿಣ್ವವನ್ನೇ ಅದು ಶಾಶ್ವತವಾಗಿ ಕೆಡಿಸುತ್ತದೆ. ದೇಹ ಹೊಸ ಕಿಣ್ವ ಮಾಡುವವರೆಗೂ ಅದರ ಪರಿಣಾಮ ಉಳಿಯುತ್ತದೆ. ಕಿಣ್ವ ಹಿಡಿದು ಫಿಟ್ಸ್ ನಿಲ್ಲಿಸುವುದು ಹೊಸ ಯೋಚನೆಯೇನಲ್ಲ ಎಂದು ಹೇಳಲು ಇದನ್ನು ತಂದೆ. ಕಿಣ್ವ ಕೆಟ್ಟು ಫಿಟ್ಸ್ ಬರುವುದಕ್ಕೆ ಇನ್ನೂ ಸುಲಭವಾದ ಉದಾಹರಣೆ ಕ್ಷಯದ ಮಾತ್ರೆ ಐಸೊನಿಯಾಜಿಡ್. ಅದನ್ನು ಮಿತಿಮೀರಿ ನುಂಗಿದವರಿಗೆ ನಿಲ್ಲದ ಫಿಟ್ಸ್ ಬರುತ್ತದೆ, ಯಾಕೆಂದರೆ ಅದೂ ಬಿ6 ಅನ್ನೇ ಹೊಡೆಯುತ್ತದೆ. ಪರಿಹಾರವೂ ಅದೇ, ಪಿರಿಡಾಕ್ಸಿನ್.

ಇದು ಗೊತ್ತಾದದ್ದು ಹೇಗೆ

ಮಿದುಳಿನಲ್ಲಿ ಗಾಬಾ ಇದೆ ಎಂದು ಪತ್ತೆಯಾದದ್ದು 1950ರಲ್ಲಿ. ಅದಾಗಿ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಡಬ್ಬಿಯ ಹಾಲು ಕುಡಿದ ಎಷ್ಟೋ ಮಕ್ಕಳಿಗೆ ಫಿಟ್ಸ್ ಬರತೊಡಗಿತು. ಹಾಲನ್ನು ಕಾಯಿಸಿ ಶುದ್ಧ ಮಾಡುವಾಗ ಬಿ6 ಹಾಳಾಗಿತ್ತು. ವಿಟಮಿನ್ ಕೊಟ್ಟಾಗ ಮಕ್ಕಳು ಸರಿಹೋದರು. ಅದು ನಿಜವಾದ ಕೊರತೆ.

ನಮ್ಮ ಮಗುವಿನಂಥ ಪ್ರಕರಣ ಮೊದಲು ವರದಿಯಾದದ್ದು 1954ರಲ್ಲಿ, ಹಂಟ್ ಮತ್ತು ಸಂಗಡಿಗರಿಂದ. ಯಾವ ಔಷಧಕ್ಕೂ ಬಗ್ಗದ ಮಗುವಿಗೆ ಹಲವು ವಿಟಮಿನ್ ಬೆರೆಸಿದ ಇಂಜೆಕ್ಷನ್ ಕೊಟ್ಟಾಗ ಫಿಟ್ಸ್ ನಿಂತಿತ್ತು. ಯಾವುದರಿಂದ ನಿಂತಿತು ಎಂದು ಹುಡುಕಿದಾಗ ಸಿಕ್ಕಿದ್ದು ಪಿರಿಡಾಕ್ಸಿನ್. ಆಮೇಲೆ ಐವತ್ತು ವರ್ಷ ಇದನ್ನು ವಿಟಮಿನ್ ಕೊಟ್ಟು, ನಿಲ್ಲಿಸಿ, ಫಿಟ್ಸ್ ಮರಳಿತೇ ಎಂದು ನೋಡಿಯೇ ಖಚಿತ ಮಾಡಬೇಕಿತ್ತು. ತಾಯಿತಂದೆಯರ ಮುಂದೆ ಆ ಪರೀಕ್ಷೆ ಮಾಡುವುದನ್ನು ಊಹಿಸಿಕೊಳ್ಳಿ. ಎಲ್ಲರೂ ಕೆಟ್ಟಿರುವುದು ಗ್ಯಾಡೇ ಇರಬೇಕೆಂದು ಅದರ ಹಿಂದೆ ಬಿದ್ದಿದ್ದರು. 2006ರಲ್ಲಿ ಆಂಟಿಕ್ವಿಟಿನ್ ಅನ್ನು ಮಾಡಿಸುವ ಎಎಲ್‌ಡಿಎಚ್7ಎ1 ಎಂಬ ಜೀನ್ ಸಿಕ್ಕಾಗ ಗೊತ್ತಾಯಿತು, ಕಳ್ಳ ಲೈಸಿನ್ ಬೀದಿಯವನು. 2009ರಲ್ಲಿ ಇನ್ನೊಂದು ಬೆಳಕು ಬಿತ್ತು. ಫೋಲಿನಿಕ್ ಆಮ್ಲಕ್ಕೆ ಬಗ್ಗುವ ಫಿಟ್ಸ್ ಎಂದು ಬೇರೆ ಹೆಸರಿನಲ್ಲಿ ಕರೆಯುತ್ತಿದ್ದ ಕಾಯಿಲೆಯೂ ಇದೇ ಆಗಿತ್ತು.

ಬೇರೆ ಏನಾಗಿರಬಹುದಿತ್ತು

ಆ 48 ನೆನಪಿದೆ ತಾನೆ? ಬೆನ್ನುಹುರಿ ನೀರಿನ ಸಕ್ಕರೆ 48, ರಕ್ತದ್ದು 74. ಭಾಗಿಸಿದರೆ 0.65. ಇದು ಸರಿಯಾದ ಅನುಪಾತ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಮಿದುಳು ದೊಡ್ಡವರಲ್ಲಿ ಶಕ್ತಿಯ ಐದನೇ ಒಂದು ಭಾಗ ತಿನ್ನುತ್ತದೆ, ಅದೂ ಮುಖ್ಯವಾಗಿ ಸಕ್ಕರೆಯಿಂದ. ಆ ಸಕ್ಕರೆಯನ್ನು ಒಳಗೆ ಬಿಡುವ ಬಾಗಿಲು ಗ್ಲೂಟ್1. ಬಾಗಿಲು ಕೆಟ್ಟರೆ ರಕ್ತದಲ್ಲಿ ಸಕ್ಕರೆ ಇದ್ದೂ ಮಿದುಳು ಉಪವಾಸ. ಆಗ ಈ ಅನುಪಾತ ಸಾಮಾನ್ಯವಾಗಿ 0.4ರ ಸುತ್ತ ಅಥವಾ ಕೆಳಗೆ ಇಳಿಯುತ್ತದೆ. 1991ರಲ್ಲಿ ಗುರುತಿಸಿದ ಆ ಕಾಯಿಲೆಗೆ ಮದ್ದು ಕೀಟೋಜೆನಿಕ್ ಆಹಾರ. ಕೊಬ್ಬಿನಿಂದ ಬರುವ ಕೀಟೋನ್ ಬೇರೆ ಬಾಗಿಲಿನಿಂದ ಮಿದುಳಿಗೆ ಹೋಗುತ್ತದೆ. ಈ ಆಹಾರವನ್ನು ಮೂರ್ಛೆರೋಗಕ್ಕೆ ಸೂಚಿಸಿದ್ದು 1921ರಲ್ಲಿ, ಬಾಗಿಲಿನ ವಿಷಯ ಗೊತ್ತಾಗುವ ಎಷ್ಟೋ ಮೊದಲು.

ಇನ್ನೊಂದು ಪಿಎನ್‌ಪಿಒ ಎಂಬ ಕಿಣ್ವದ ಕೊರತೆ. ಪಿರಿಡಾಕ್ಸಿನ್ ಅನ್ನು ಪಿಎಲ್‌ಪಿ ಆಗಿಸುವ ದಾರಿಯ ಕಿಣ್ವ ಅದು. ಅಲ್ಲಿ ಕೆಟ್ಟರೆ ಹಲವರಿಗೆ ಪಿರಿಡಾಕ್ಸಿನ್ ಸಾಲದು, ತಯಾರಾದ ಪಿಎಲ್‌ಪಿಯನ್ನೇ ಕೊಡಬೇಕು. ಮಗು ಪಿರಿಡಾಕ್ಸಿನ್‌ಗೆ ಬಗ್ಗಿದ್ದರಿಂದ ಇದು ಹಿಂದೆ ಸರಿಯಿತು, ಪೂರ್ತಿ ಹೋಗಲಿಲ್ಲ.

ಮೂರು ವಾರದ ಮೇಲೆ ವರದಿ ಬಂತು. ಮೂತ್ರದಲ್ಲಿ ಎಎಎಸ್‌ಎ ತುಂಬಾ ಜಾಸ್ತಿ. ರಕ್ತದಲ್ಲಿ ಲೈಸಿನ್ ದಾರಿಯ ಇನ್ನೊಂದು ಸರಕಾದ ಪೈಪೆಕಾಲಿಕ್ ಆಮ್ಲವೂ ಏರಿತ್ತು. ಜೀನ್ ಪರೀಕ್ಷೆಯಲ್ಲಿ ಎರಡು ದೋಷ ಸಿಕ್ಕವು, ಒಂದು ತಾಯಿಯಿಂದ, ಒಂದು ತಂದೆಯಿಂದ. ಇಬ್ಬರಿಗೂ ಏನೂ ತೊಂದರೆಯಿಲ್ಲ, ಇಬ್ಬರದ್ದೂ ಸೇರಿದಾಗ ಮಾತ್ರ ಕಾಯಿಲೆ. ಒಂದು ಅಂದಾಜಿನ ಪ್ರಕಾರ ಇದು ಸುಮಾರು 65,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ.

ಆಮೇಲೆ

ಬೇರೆ ಔಷಧಗಳನ್ನು ಎರಡು ತಿಂಗಳಲ್ಲಿ ಒಂದೊಂದಾಗಿ ನಿಲ್ಲಿಸಿದರು. ಪಿರಿಡಾಕ್ಸಿನ್ ಮಾತ್ರ ಜೀವನವಿಡೀ. ಡೋಸ್ ತೂಕದ ಮೇಲೆ, ಕಿಲೋಗೆ 30 ಮಿಲಿಗ್ರಾಂವರೆಗೆ, ಈ ವಯಸ್ಸಿಗೆ ದಿನಕ್ಕೆ 300 ದಾಟದ ಹಾಗೆ. ಮಿತಿ ಯಾಕೆಂದರೆ ಈ ವಿಟಮಿನ್ ಬಹುಕಾಲ ಜಾಸ್ತಿಯಾದರೆ ಕೈಕಾಲಿನ ಸ್ಪರ್ಶದ ನರಗಳನ್ನು ಕೆಡಿಸುತ್ತದೆ. ಹಾಗಾಗಿ ನರಗಳ ಪರೀಕ್ಷೆ ಆಗಾಗ ಇದೆ.

ಹನ್ನೊಂದನೇ ತಿಂಗಳಲ್ಲಿ ಒಂದು ಎಡವಟ್ಟಾಯಿತು. ಕೆಮ್ಮಿಗೆಂದು ಹೋದಾಗ ಯಾರೋ ಮದ್ದಿನ ಚೀಟಿ ನೋಡಿ, 'ಫಿಟ್ಸ್ ಇಲ್ಲವಲ್ಲ, ಇಷ್ಟೊಂದು ವಿಟಮಿನ್ ಯಾಕೆ, ನಿಲ್ಲಿಸಿ' ಅಂದರು. ನಿಲ್ಲಿಸಿದರು. ಐದು ದಿನ ಏನೂ ಆಗಲಿಲ್ಲ. ಆರನೇ ದಿನ ಬೆಳಗ್ಗೆ ಎಡಗಾಲು ಮತ್ತೆ ಶುರುವಾಯಿತು. ಮತ್ತೆ ಆಸ್ಪತ್ರೆ, ಮತ್ತೆ ಇಂಜೆಕ್ಷನ್. 'ಬರೀ ವಿಟಮಿನ್' ಅನ್ನುವ ಮಾತೇ ಈ ಕಾಯಿಲೆಗೆ ಶತ್ರು. ಅಂದಿನಿಂದ ತಾಯಿಯ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿದ ಒಂದು ಪತ್ರ ಇರುತ್ತದೆ. ಈ ಔಷಧವನ್ನು ನಿಲ್ಲಿಸಬಾರದು, ಜ್ವರ ಬಂದ ದಿನಗಳಲ್ಲಿ ಡೋಸ್ ಎರಡು ಪಟ್ಟು ಎಂದು ಅದರಲ್ಲಿದೆ.

ವಿಟಮಿನ್ ಫಿಟ್ಸ್ ನಿಲ್ಲಿಸಿತು, ಎಎಎಸ್‌ಎ ಗುಡ್ಡೆಯನ್ನು ಕರಗಿಸಲಿಲ್ಲ. ಮುರಿದ ಮೆಟ್ಟಿಲು ಮುರಿದೇ ಇದೆ. ಅದಕ್ಕೆ ಲೈಸಿನ್ ಕಡಿಮೆ ಇರುವ ಆಹಾರ, ಜೊತೆಗೆ ಅರ್ಜಿನಿನ್. ಲೈಸಿನ್ ಮಿದುಳಿಗೆ ಹೋಗುವ ಬಾಗಿಲಲ್ಲಿ ಅರ್ಜಿನಿನ್ ಪೈಪೋಟಿ ಮಾಡುತ್ತದೆ. ಅಳತೆ ಕಷ್ಟದ್ದು. ಲೈಸಿನ್ ಪೂರ್ತಿ ಬಿಡುವ ಹಾಗಿಲ್ಲ, ಅದಿಲ್ಲದೆ ಮಗು ಬೆಳೆಯುವುದಿಲ್ಲ.

ಮೂರು ವರ್ಷಕ್ಕೆ ಹುಡುಗಿ ಓಡುತ್ತಾಳೆ. ನಡೆದದ್ದು 17ನೇ ತಿಂಗಳಲ್ಲಿ. ಮಾತು ತಡ, ಎರಡು ಪದ ಸೇರಿಸಿ ಹೇಳುವುದು ಈಗಷ್ಟೇ ಶುರುವಾಗಿದೆ, ಮಾತಿನ ತರಬೇತಿ ನಡೆದಿದೆ. ಕಳೆದ ಆ ಒಂಬತ್ತು ದಿನ ಇದಕ್ಕೆ ಎಷ್ಟು ಕಾರಣ? ತಂದೆ ಇದನ್ನು ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಬೇಗ ಔಷಧ ಸಿಕ್ಕ ಮಕ್ಕಳಲ್ಲೂ ಹೆಚ್ಚಿನವರಿಗೆ ಕಲಿಕೆಯಲ್ಲಿ ಒಂದಿಷ್ಟು ಹಿಂದೆ ಬೀಳುವುದು ಇದ್ದೇ ಇದೆ. ಹಾಗಂತ ಒಂಬತ್ತು ದಿನ ಲೆಕ್ಕಕ್ಕಿಲ್ಲ ಎಂದು ಹೇಳಲು ವೈದ್ಯೆಗೆ ಬಾಯಿ ಬರುವುದಿಲ್ಲ. ಇವಳ ಪಾಲಿಗೆ ಎರಡನ್ನೂ ಬೇರೆ ಮಾಡಿ ತೂಗಲಾಗುವುದಿಲ್ಲ ಎಂದಷ್ಟೇ ಹೇಳುತ್ತಾರೆ.

ತಾಯಿ ಮತ್ತೆ ಬಸುರಾದಾಗ ನಾಲ್ಕಕ್ಕೆ ಒಂದು ಪಾಲು ಅಪಾಯ ಇತ್ತು. ಶುರುವಿನಿಂದಲೇ ತಾಯಿಗೆ ದಿನಕ್ಕೆ 100 ಮಿಲಿಗ್ರಾಂ ಪಿರಿಡಾಕ್ಸಿನ್ ಕೊಟ್ಟರು. ಹುಟ್ಟಿದ ಗಂಡುಮಗುವಿಗೂ ಮೊದಲ ದಿನದಿಂದ ವಿಟಮಿನ್ ಕೊಟ್ಟು, ಜೀನ್ ಪರೀಕ್ಷೆಗೆ ಕಳಿಸಿದರು. ಈ ಸಲ ಹೊಟ್ಟೆಯಲ್ಲಿ ಆ ಟಕ್ ಟಕ್ ಇರಲಿಲ್ಲ ಎಂದು ತಾಯಿ ಮೊದಲೇ ಹೇಳಿದ್ದರು. ಆದರೆ ಅದು ಔಷಧದಿಂದಲೋ, ಮಗು ಸರಿಯಿರುವುದರಿಂದಲೋ ಎಂದು ಹೇಳಲಾಗುತ್ತಿರಲಿಲ್ಲ. ಹತ್ತನೇ ದಿನ ವರದಿ ಬಂತು. ಮಗುವಿಗೆ ಒಂದೇ ದೋಷ ಇತ್ತು, ತಂದೆಯದ್ದು. ಅವನ ವಿಟಮಿನ್ ಅಂದೇ ನಿಲ್ಲಿಸಿದರು. ಅಕ್ಕನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಏರಿದ ತೂಕಕ್ಕೆ ತಕ್ಕಂತೆ ಅವಳ ಡೋಸ್ ಹೆಚ್ಚಿಸಿದರು.